ಕೀವಿದೆ, ಕ್ರಿಮಿ ಇಲ್ಲ: ವೈದ್ಯರನ್ನು ನೂರು ವರ್ಷ ಸತಾಯಿಸಿದ ಚರ್ಮರೋಗಗಳು

ಇವತ್ತಿನ ಕಂತಿನಲ್ಲಿ ಗಾಯ, ಹುಣ್ಣು, ಕೀವು ಎಲ್ಲ ಬರುತ್ತೆ. ಊಟ ಮಾಡ್ತಾ ಕೇಳ್ತಿದ್ರೆ ಪಾಸ್ ಮಾಡಿ, ಕೈ ತೊಳ್ಕೊಂಡು ಬನ್ನಿ. ಅವಸರವಿಲ್ಲ.

ಕೆಲವು ವರ್ಷಗಳ ಹಿಂದೆ, ಹಾಸನದ ಕಡೆ ಇರುವ ನನ್ನ ದೊಡ್ಡಮ್ಮನ ಮೊಣಕಾಲಿನ ಕೆಳಗೆ ಒಂದು ಸಣ್ಣ ಗುಳ್ಳೆ ಎದ್ದಿತು. ಏನೋ ಹುಳ ಕಚ್ಚಿರಬೇಕು ಅಂದುಕೊಂಡರು. ನಾಲ್ಕು ದಿನದಲ್ಲಿ ಅದು ಕೀವು ತುಂಬಿ ಒಡೆಯಿತು, ಐದು ರೂಪಾಯಿ ನಾಣ್ಯದಷ್ಟು ಹುಣ್ಣಾಯಿತು. ನೋವು ಮಾತ್ರ ಹುಣ್ಣಿನ ಗಾತ್ರಕ್ಕೆ ಹತ್ತು ಪಟ್ಟು. 'ನಂಜಾಗಿದೆ' ಅಂತ ಮನೆಯಲ್ಲಿ ಬದನೆಕಾಯಿ ಬಂದ್. ಆಸ್ಪತ್ರೆಯಲ್ಲಿ ಆಂಟಿಬಯಾಟಿಕ್ ಶುರು. ಜಗ್ಗಲಿಲ್ಲ. ಸರ್ಜನ್ ಸತ್ತ ಮಾಂಸ ಕತ್ತರಿಸಿ ಕ್ಲೀನ್ ಮಾಡಿದರು. ವಾರದೊಳಗೆ ಹುಣ್ಣು ಅಂಗೈ ಅಗಲ ಆಯಿತು. ಮತ್ತೆ ಕತ್ತರಿಸಿದರು, ಇನ್ನೂ ಹಬ್ಬಿತು. ಕೀವನ್ನು ಎರಡು ಸಲ ಲ್ಯಾಬಿಗೆ ಕಳಿಸಿದರು. ಎರಡು ಸಲವೂ ಒಂದೇ ರಿಪೋರ್ಟು: ಯಾವ ಬ್ಯಾಕ್ಟೀರಿಯಾವೂ ಬೆಳೆದಿಲ್ಲ. ಕಾಲು ತೆಗೆಯಬೇಕಾಗಬಹುದು ಅನ್ನೋ ಮಾತು ಬಂದಾಗ ನಾವು ಹೆದರಿ, ಬೇರೆ ಊರಿನಲ್ಲಿದ್ದ ಒಬ್ಬ ಚರ್ಮದ ಡಾಕ್ಟರ ಹತ್ತಿರ ಕರ್ಕೊಂಡು ಹೋದ್ವಿ.

ಆಕೆ ಹುಣ್ಣಿನ ಅಂಚನ್ನು ತುಂಬಾ ಹೊತ್ತು ನೋಡಿದರು. ಅಂಚು ನೇರಳೆ ಬಣ್ಣಕ್ಕೆ ತಿರುಗಿ, ಕೆಳಗೆ ಟೊಳ್ಳಾಗಿತ್ತು. ಆಮೇಲೆ ಕೇಳಿದ್ದು: "ಅಮ್ಮಾ, ಹೊಟ್ಟೆ ಹೇಗಿರುತ್ತೆ ನಿಮಗೆ? ಬೇಧಿ, ರಕ್ತ ಏನಾದ್ರೂ ಹೋಗುತ್ತಾ?"

ದೊಡ್ಡಮ್ಮ ನನ್ನ ಮುಖ ನೋಡಿ, "ಕಾಲು ತೋರ್ಸಕ್ ಬಂದ್ರೆ ಹೊಟ್ಟೆ ವಿಷ್ಯ ಯಾಕವ್ವಾ ಕೇಳ್ತೀರಿ?" ಅಂದರು. ಆದರೆ ಹೋಗುತ್ತಿತ್ತು. ಎರಡು ವರ್ಷದಿಂದ. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ.

ಆ ಒಂದು ಪ್ರಶ್ನೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಇವತ್ತಿನ ಕಥೆ.

ಮೊದಲು ಆ ಸರ್ಜನ್ ಪರವಾಗಿ ಒಂದು ಮಾತು. ಅವರು ಪಾಲಿಸಿದ್ದು ವೈದ್ಯಶಾಸ್ತ್ರದ ಅತ್ಯಂತ ಗಟ್ಟಿ ಪಾಠಗಳಲ್ಲೊಂದನ್ನು. 1880ರ ಸುಮಾರಿಗೆ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಅಲೆಕ್ಸಾಂಡರ್ ಓಗ್‌ಸ್ಟನ್ ಎಂಬ ಸರ್ಜನ್ ತನ್ನ ರೋಗಿಗಳ ಕುರುಗಳಿಂದ ಕೀವು ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟ. ದ್ರಾಕ್ಷಿ ಗೊಂಚಲಿನಂಥ ದುಂಡನೆಯ ಜೀವಿಗಳು ಕಂಡವು. ನಾವಿವತ್ತು ಸ್ಟೆಫಿಲೊಕಾಕಸ್ ಅನ್ನೋದು ಅವನ್ನೇ. ಆ ಹೆಸರು ಕೊಟ್ಟವನೂ ಓಗ್‌ಸ್ಟನ್. ಅಲ್ಲಿಂದ ಮುಂದೆ ಕೀವು ಅಂದ್ರೆ ಕ್ರಿಮಿ ಅನ್ನೋದು ಎಲ್ಲ ಡಾಕ್ಟರ ತಲೆಯಲ್ಲೂ ಕೂತುಬಿಟ್ಟಿತು. ಕೀವು ಕಂಡರೆ ಕೊಯ್ಯಿ, ಹೊರಗೆ ಹರಿಸು, ಕ್ಲೀನ್ ಮಾಡು. ಈ ಪಾಠ ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಹಾಗಾಗಿಯೇ ಅದಕ್ಕೆ ಹೊಂದದ ರೋಗಿಗಳು ಕಣ್ಣೆದುರೇ ಇದ್ದರೂ ಕಾಣಲಿಲ್ಲ.

ಅಂಥವರು ಅದಕ್ಕೂ ಮೊದಲೇ ಇದ್ದರು. ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ, ಆ ಕಾಲದ ಚರ್ಮವೈದ್ಯರಲ್ಲಿ ದೊಡ್ಡ ಹೆಸರು, 1872ರಲ್ಲಿ ಐದು ಗರ್ಭಿಣಿಯರ ಬಗ್ಗೆ ಬರೆದ. ಮೈಮೇಲೆ ಕೆಂಪು, ಅದರ ಮೇಲೆ ಸಾಲುಸಾಲು ಕೀವುಗುಳ್ಳೆ, ಚಳಿಜ್ವರ. ಐವರಲ್ಲಿ ನಾಲ್ವರು ಸತ್ತರು. ಹೆಬ್ರಾ ಅದಕ್ಕೆ 'ಇಂಪೆಟಿಗೊ ಹರ್ಪೆಟಿಫಾರ್ಮಿಸ್' ಅಂತ ಹೆಸರಿಟ್ಟ. ಇಂಪೆಟಿಗೊ ಅಂದರೆ ಮಕ್ಕಳಿಗೆ ಬರೋ ಸೋಂಕಿನ ಹುಣ್ಣು. ಹೆಸರಲ್ಲೇ ದಾರಿ ತಪ್ಪಿತ್ತು.

ಅದೇ ವಿಯೆನ್ನಾದಲ್ಲಿ, 1910ರ ಹೊತ್ತಿಗೆ, ಲಿಯೋ ವಾನ್ ಜುಂಬುಷ್ ಎಂಬ ವೈದ್ಯ ಒಬ್ಬ ಅಣ್ಣ-ತಂಗಿಯ ಕಥೆ ಪ್ರಕಟಿಸಿದ. (ಇವನ ತಂದೆ ಶಿಲ್ಪಿ. ವಿಯೆನ್ನಾಕ್ಕೆ ಹೋದವರು ಫೋಟೋ ತೆಗೆಸಿಕೊಳ್ಳೋ ರಾಣಿ ಮರಿಯಾ ತೆರೇಸಾ ಸ್ಮಾರಕ ಆತ ಮಾಡಿದ್ದು.) ಇಬ್ಬರಿಗೂ ಒಂದೇ ಕಾಯಿಲೆ. ಆ ಹುಡುಗನಿಗೆ ವರ್ಷಗಳಿಂದ ಸೋರಿಯಾಸಿಸ್ ಇತ್ತು. ಒಮ್ಮೆಲೇ ಮೈಯೆಲ್ಲ ಉರಿಗೆಂಪಾಗಿ, ಅದರ ಮೇಲೆ ಸಾಸಿವೆ ಚೆಲ್ಲಿದಂತೆ ಕೀವಿನ ಗುಳ್ಳೆಗಳು ಏಳುತ್ತಿದ್ದವು. ಗುಳ್ಳೆ ಗುಳ್ಳೆ ಕೂಡಿ ಕೀವಿನ ಕೆರೆಗಳಾಗುತ್ತಿದ್ದವು. ಕೆರೆ ಅನ್ನೋದು ನನ್ನ ಅಲಂಕಾರ ಅಲ್ಲ, ವೈದ್ಯರೂ ಹಾಗೇ ಕರೆಯುತ್ತಾರೆ. ಹತ್ತು ವರ್ಷದಲ್ಲಿ ಒಂಬತ್ತು ಸಲ ಆಸ್ಪತ್ರೆ ಸೇರಿದ. ಇವತ್ತು ಈ ಕಾಯಿಲೆಗೆ ಜನರಲೈಸ್ಡ್ ಪಸ್ಟುಲರ್ ಸೋರಿಯಾಸಿಸ್ ಅಂತ ಹೆಸರು. ಹೆಬ್ರಾನ ಗರ್ಭಿಣಿಯರದ್ದೂ ಇದರದೇ ಒಂದು ರೂಪ ಅಂತ ಈಗ ಬಹಳ ವೈದ್ಯರು ಒಪ್ಪುತ್ತಾರೆ.

ಈ ರೋಗಿಯನ್ನು ಎಮರ್ಜೆನ್ಸಿ ವಾರ್ಡಿನಲ್ಲಿ ಮೊದಲ ಸಲ ನೋಡೋ ಡಾಕ್ಟರ ಜಾಗದಲ್ಲಿ ನಿಂತು ನೋಡಿ. ಜೋರು ಜ್ವರ, ನಡುಕ, ಮೈತುಂಬ ಕೀವು, ರಕ್ತದಲ್ಲಿ ಬಿಳಿ ಕಣಗಳು ಏರಿವೆ. ಯಾರಾದರೂ ಹೇಳೋದು ರಕ್ತಕ್ಕೆ ಸೋಂಕು ಹತ್ತಿದೆ ಅಂತಲೇ. ಆದರೆ ಕಲ್ಚರ್ ಖಾಲಿ. ಯಾಕಂದ್ರೆ ಕೀವು ಅನ್ನೋದು ಕ್ರಿಮಿಯಿಂದ ಆದ ವಸ್ತು ಅಲ್ಲ. ನ್ಯೂಟ್ರೊಫಿಲ್ ಎಂಬ ನಮ್ಮದೇ ಬಿಳಿ ರಕ್ತಕಣಗಳು ರಾಶಿಯಾಗಿ ಬಂದು ಸತ್ತಾಗ ಆಗೋದು ಕೀವು. ಸಾಮಾನ್ಯವಾಗಿ ಅವು ಕ್ರಿಮಿಯನ್ನು ಕೊಲ್ಲೋಕೆ ಬರುತ್ತವೆ. ಈ ಕಾಯಿಲೆಗಳಲ್ಲಿ ಶತ್ರುವೇ ಇಲ್ಲದೆ ದಂಡು ಬಂದಿರುತ್ತೆ.

ಈಗ ದೊಡ್ಡಮ್ಮನ ಕಾಲಿನ ಹುಣ್ಣಿನ ಕಡೆಗೆ ಬರೋಣ. ಅದು ಬೇರೆ ಕಾಯಿಲೆ, ಆದರೆ ಅದೇ ದಂಡಿನ ದಾಂಧಲೆ. 1930ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಮೂವರು ವೈದ್ಯರು, ಬ್ರನ್‌ಸ್ಟಿಂಗ್, ಗೋಕರ್‌ಮನ್ ಮತ್ತು ಓಲಿಯರಿ, ಐದು ರೋಗಿಗಳ ಬಗ್ಗೆ ಬರೆದರು. ಎಲ್ಲರಿಗೂ ವೇಗವಾಗಿ ಹಬ್ಬುವ, ಅಂಚು ಟೊಳ್ಳಾದ ಹುಣ್ಣು. ಐವರಲ್ಲಿ ನಾಲ್ವರಿಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳು ಹುಣ್ಣಾಗಿ ರಕ್ತ ಬೀಳುವ ಕಾಯಿಲೆ, ಇತ್ತು. ಹೊಟ್ಟೆಗೂ ಚರ್ಮಕ್ಕೂ ಏನೋ ನಂಟಿದೆ ಅಂತ ಅವರಿಗೆ ಹೊಳೆಯಿತು. ಕಾರಣ ಮಾತ್ರ ಹಳೆಯದೇ: ಕರುಳಿನ ಸ್ಟ್ರೆಪ್ಟೊಕಾಕಸ್ ಕ್ರಿಮಿ ಚರ್ಮಕ್ಕೆ ಬಂದಿದೆ ಅಂದುಕೊಂಡರು. ಹಾಗಾಗಿ 'ಪಯೋಡರ್ಮಾ ಗ್ಯಾಂಗ್ರೀನೋಸಮ್' ಅಂತ ಹೆಸರಿಟ್ಟರು. ಕೀವಿನ ಸೋಂಕು, ಅದರಿಂದ ಕೊಳೆತ ಅನ್ನೋ ಅರ್ಥ. ಅದು ಸೋಂಕೂ ಅಲ್ಲ, ಗ್ಯಾಂಗ್ರೀನೂ ಅಲ್ಲ. ಆದರೂ ಹೆಸರು ಇವತ್ತಿಗೂ ಅದೇ. ಆ ಹೆಸರು ಓದಿದ ಮನೆಯವರು ಕಾಲು ಕೊಳೀತಿದೆ ಅಂತ ಬೆಚ್ಚಿಬೀಳ್ತಾರೆ. ನಾವೂ ಬಿದ್ದಿದ್ವಿ. ಆದರೆ ಆ ಡಾಕ್ಟರಮ್ಮ ಕೇಳಿದ ಹೊಟ್ಟೆಯ ಪ್ರಶ್ನೆಯ ಬೇರೂ ಆ ಐದು ರೋಗಿಗಳ ಲೇಖನದಲ್ಲೇ ಇದೆ. ಕಾರಣ ತಪ್ಪು ಹೇಳಿಯೂ ದಾರಿ ಸರಿ ತೋರಿಸಿದ ಲೇಖನ ಅದು.

ಈ ಕಾಯಿಲೆಗೆ ಇನ್ನೊಂದು ವಿಚಿತ್ರ ಗುಣ. ಕೆಲವರಿಗೆ ಎಲ್ಲಿ ಚುಚ್ಚಿದರೆ, ಕೊಯ್ದರೆ, ಪೆಟ್ಟು ಬಿದ್ದರೆ ಅಲ್ಲಿ ಹುಣ್ಣು ಹೊಸದಾಗಿ ಏಳುತ್ತೆ ಅಥವಾ ಇದ್ದದ್ದು ಹಬ್ಬುತ್ತೆ. ಪ್ಯಾಥರ್ಜಿ ಅಂತಾರೆ. ಅಂದರೆ ಚಾಕು ಹಿಡಿದಷ್ಟೂ ಗಾಯ ಬೆಳೆಯುತ್ತೆ. ಬೆಳೆದಷ್ಟೂ ಸೋಂಕು ಹೆಚ್ಚಾಯಿತು ಅಂತ ಮತ್ತೆ ಚಾಕು. ಕೈಕಾಲು ಕಳ್ಕೊಂಡವರೂ ಇದ್ದಾರೆ.

ಹಾಗಾದ್ರೆ ಒಂದು ಟೆಸ್ಟ್ ಮಾಡಿ ಹೇಳಬಹುದಲ್ವಾ? ಅದೇ ಕಷ್ಟ. ಈ ಹುಣ್ಣಿಗೆ 'ಇದೇ' ಅಂತ ಹೇಳೋ ರಕ್ತಪರೀಕ್ಷೆ ಇವತ್ತಿಗೂ ಇಲ್ಲ. ಅಂಚಿನ ಒಂದು ಚೂರು ತೆಗೆದು ಬಯಾಪ್ಸಿ ಮಾಡಬೇಕು. ಸೋಂಕು, ಕ್ಷಯ, ಕ್ಯಾನ್ಸರ್, ರಕ್ತನಾಳದ ತೊಂದರೆ ಒಂದೊಂದನ್ನೇ ತಳ್ಳಿಹಾಕಬೇಕು. ಆತುರಪಟ್ಟರೆ ತಪ್ಪು ಇನ್ನೊಂದು ದಿಕ್ಕಿಗೂ ಆಗುತ್ತೆ. 2002ರಲ್ಲಿ ಅದೇ ಮೇಯೋ ಕ್ಲಿನಿಕ್‌ನ ವೈದ್ಯರು ಹಳೆಯ ಕೇಸುಗಳನ್ನು ಮತ್ತೆ ತೆಗೆದು ನೋಡಿದರು. ಪಯೋಡರ್ಮಾ ಅಂತ ಬರೆದಿದ್ದ ರೋಗಿಗಳಲ್ಲಿ ಸುಮಾರು ನೂರಕ್ಕೆ ಹತ್ತು ಜನರಿಗೆ ಇದ್ದದ್ದು ಬೇರೆಯೇ ಕಾಯಿಲೆ. ಕೆಲವರಿಗೆ ನಿಜವಾದ ಸೋಂಕೇ ಇತ್ತು. ಅಂಥವರಿಗೆ ರೋಗನಿರೋಧಕ ಶಕ್ತಿ ಕುಗ್ಗಿಸೋ ಮಾತ್ರೆ ಕೊಟ್ಟರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಚಿಕಿತ್ಸೆಯ ಕಥೆಯಲ್ಲಿ ನಮ್ಮ ಕಡೆಯ ನಂಟುಗಳೂ ಇವೆ. ಡ್ಯಾಪ್ಸೋನ್ ಅಂದರೆ ನಮ್ಮ ಅಜ್ಜ-ಅಜ್ಜಿಯರ ಕಾಲಕ್ಕೆ ಕುಷ್ಠರೋಗದ ಮಾತ್ರೆ. ಅದೇ ಮಾತ್ರೆ ನ್ಯೂಟ್ರೊಫಿಲ್‌ಗಳ ಆರ್ಭಟವನ್ನೂ ತಗ್ಗಿಸುತ್ತೆ. 1956ರಲ್ಲಿ ಇಂಗ್ಲೆಂಡಿನ ಸ್ನೆಡನ್ ಮತ್ತು ವಿಲ್ಕಿನ್‌ಸನ್ ಇಂಥದೇ ಇನ್ನೊಂದು ಕ್ರಿಮಿಯಿಲ್ಲದ ಕೀವುಗುಳ್ಳೆಯ ಕಾಯಿಲೆಯನ್ನು ಗುರುತಿಸಿದರು, ಅದಕ್ಕೆ ಇವತ್ತಿಗೂ ಡ್ಯಾಪ್ಸೋನೇ ಮೊದಲ ಔಷಧ. ಸೋರಿಯಾಸಿಸ್‌ಗೆ ಕೊಡೋ ಮೆಥೊಟ್ರೆಕ್ಸೇಟ್‌ನ ಹಿಂದೆ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ಕೆಲಸವಿದೆ.

ದೊಡ್ಡ ತಿರುವು ಅಂದ್ರೆ ಸ್ಟೀರಾಯ್ಡ್. ಮೇಯೋ ಕ್ಲಿನಿಕ್‌ನಲ್ಲೇ 1948ರಲ್ಲಿ ಕಾರ್ಟಿಸೋನನ್ನು ಕೀಲುವಾತದ ರೋಗಿಗೆ ಕೊಟ್ಟು ನೋಡಿದರು, 1950ರಲ್ಲಿ ಅದಕ್ಕೆ ನೊಬೆಲ್ ಬಂತು. ಪಯೋಡರ್ಮಾದ ಹುಣ್ಣಿಗೆ ಈ ಗುಂಪಿನ ಔಷಧಗಳು ಹಿಡಿದವು. ದೊಡ್ಡಮ್ಮನಿಗೆ ಕೊಟ್ಟಿದ್ದೂ ಅದನ್ನೇ, ಪ್ರೆಡ್ನಿಸೋಲೋನ್. ವಾರದೊಳಗೆ ನೋವು ಇಳಿಯಿತು. ಆದರೆ ಹುಣ್ಣು ಮುಚ್ಚೋಕೆ ಏಳು ತಿಂಗಳು ಬೇಕಾಯಿತು. ಇದು ತಡ ಅನ್ನಿಸಬಹುದು. ಬ್ರಿಟನ್ನಿನಲ್ಲಿ 121 ರೋಗಿಗಳ ಮೇಲೆ ಪ್ರೆಡ್ನಿಸೋಲೋನ್ ಮತ್ತು ಸೈಕ್ಲೊಸ್ಪೋರಿನ್ ಎರಡನ್ನೂ ಹೋಲಿಸಿ ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಎರಡೂ ಸಮಸಮ. ಆರು ತಿಂಗಳಾದಾಗ ವಾಸಿಯಾಗಿದ್ದದ್ದು ಅರ್ಧಕ್ಕಿಂತ ಕಡಿಮೆ ಜನರಿಗೆ.

ಹಾಗಂತ ಕೀವಿನ ಎಲ್ಲ ಕಾಯಿಲೆಗೂ ಸ್ಟೀರಾಯ್ಡ್ ಅಂದುಕೊಂಡರೆ ಅನಾಹುತ. 1968ರಲ್ಲಿ ಹಾರ್ವೆ ಬೇಕರ್ ಮತ್ತು ಟೆರೆನ್ಸ್ ರಯಾನ್ 104 ಪಸ್ಟುಲರ್ ಸೋರಿಯಾಸಿಸ್ ರೋಗಿಗಳ ವಿವರ ಕಲೆಹಾಕಿದರು. ಎದ್ದು ಕಂಡ ಕಾರಣಗಳಲ್ಲಿ ಒಂದು, ಸೋರಿಯಾಸಿಸ್‌ಗೆ ಅಂತ ಸ್ಟೀರಾಯ್ಡ್ ತಗೊಂಡು ನಿಲ್ಲಿಸಿದ್ದು. ಸುಮ್ಮನಿದ್ದ ಸೋರಿಯಾಸಿಸ್, ಔಷಧ ನಿಂತ ಕೂಡಲೇ ಕೀವಾಗಿ ಸ್ಫೋಟಿಸಿತ್ತು. (ಈ ರಯಾನ್ ಹೆಸರು ಮುಂದೆ ನಮ್ಮ ಪಕ್ಕದ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯವರ ಆನೆಕಾಲು ಚಿಕಿತ್ಸೆಯ ಲೇಖನಗಳಲ್ಲೂ ಬರುತ್ತೆ.) 1968ರ ಈ ಮಾತು ನಮ್ಮೂರುಗಳಿಗೆ ಇನ್ನೂ ಪೂರ್ತಿ ತಲುಪಿಲ್ಲ. ಒಂದು ಸೂಜಿ ಹಾಕ್ಸಿದ್ರೆ ಸೋರಿಯಾಸಿಸ್ ಮಾಯ ಅನ್ನೋರು, ಏನಿದೆ ಅಂತ ಹೇಳದೆ ಪುಡಿ ಕಟ್ಟಿ ಕೊಡೋರು ಈಗಲೂ ಸಿಗ್ತಾರೆ. ಸೋರಿಯಾಸಿಸ್ ಇರೋರು ಯಾರಾದ್ರೂ ಕೇಳ್ತಿದ್ರೆ, ಆ ಸೂಜಿಯಲ್ಲಿ ಏನಿದೆ ಅಂತ ಕೇಳಿ. ಈಗಾಗಲೇ ಸ್ಟೀರಾಯ್ಡ್ ತಗೋತಿದ್ರೆ ನೀವೇ ತಟ್ಟನೆ ನಿಲ್ಲಿಸಲೂ ಬೇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ.

ಜುಂಬುಷ್‌ನ ಅಣ್ಣ-ತಂಗಿ ನೆನಪಿದ್ದಾರಲ್ಲ? ಒಂದೇ ಮನೆಯ ಇಬ್ಬರಿಗೆ ಯಾಕೆ ಬಂತು ಅನ್ನೋದಕ್ಕೆ ಉತ್ತರದ ಸುಳಿವು ಸಿಕ್ಕಿದ್ದು 101 ವರ್ಷದ ಮೇಲೆ, ಟ್ಯುನೀಷಿಯಾದಿಂದ. 2011ರಲ್ಲಿ ಅಲ್ಲಿನ ಒಂಬತ್ತು ಕುಟುಂಬಗಳ ವಂಶವಾಹಿ ನೋಡಿದಾಗ ಒಂದೇ ಜೀನ್‌ನಲ್ಲಿ ದೋಷ ಕಂಡಿತು. ಇಂಟರ್‌ಲ್ಯೂಕಿನ್-36 ಅನ್ನೋದು ನ್ಯೂಟ್ರೊಫಿಲ್‌ಗಳನ್ನು ಕೂಗಿ ಕರೆಯೋ ಸಂಕೇತ. ಅದಕ್ಕೊಂದು ಬ್ರೇಕ್ ಇರುತ್ತೆ. ಈ ಕುಟುಂಬಗಳಲ್ಲಿ ಬ್ರೇಕೇ ಫೇಲ್. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಪ್ರತಿ ಕೆಟ್ಟಿದ್ದರೆ ಕಾಯಿಲೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗೋ ರೂಢಿ ಇರೋ ನಮ್ಮಲ್ಲೂ ಹಾಗೆ ಎರಡು ಕೆಟ್ಟ ಪ್ರತಿ ಜೊತೆಯಾಗೋ ಸಾಧ್ಯತೆ ಹೆಚ್ಚು. ಆದರೆ ಎಲ್ಲ ರೋಗಿಗಳಲ್ಲೂ ಈ ದೋಷ ಇರಲ್ಲ. ಸುಮ್ಮನೆ ಮನೆಯವರ ಮೇಲೆ ತಪ್ಪು ಹೊರಿಸಬೇಡಿ.

ಬ್ರೇಕ್ ಎಲ್ಲಿದೆ ಅಂತ ಗೊತ್ತಾದ ಮೇಲೆ ಹತ್ತೇ ವರ್ಷ. ಆ ಸಂಕೇತವನ್ನು ತಡೆಯೋ ಸ್ಪೆಸೊಲಿಮ್ಯಾಬ್ ಎಂಬ ಔಷಧದ ಪರೀಕ್ಷೆಯ ಫಲಿತಾಂಶ 2021ರ ಡಿಸೆಂಬರ್‌ನಲ್ಲಿ ಬಂತು. ಒಟ್ಟು 53 ರೋಗಿಗಳು. 35 ಜನರಿಗೆ ಔಷಧ, 18 ಜನರಿಗೆ ಔಷಧವಿಲ್ಲದ ಡ್ರಿಪ್. ಒಂದು ವಾರದ ನಂತರ ಔಷಧ ಪಡೆದವರಲ್ಲಿ ಶೇ. 54 ಜನರ ಮೈಮೇಲೆ ಒಂದೂ ಕೀವುಗುಳ್ಳೆ ಕಾಣಲಿಲ್ಲ. ಇನ್ನೊಂದು ಗುಂಪಿನಲ್ಲಿ ಹಾಗಾದವರು ಶೇ. 6. ಹತ್ತು ವರ್ಷದಲ್ಲಿ ಒಂಬತ್ತು ಸಲ ಆಸ್ಪತ್ರೆಗೆ ಹೋದ ಆ ವಿಯೆನ್ನಾದ ಹುಡುಗನನ್ನು ನೆನೆಸಿಕೊಂಡು ಈ ಅಂಕಿ ಓದಿ. 2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. ಬೆಲೆ ನಮ್ಮಂಥವರು ಕೇಳೋ ಹಾಗಿಲ್ಲ.

ದೊಡ್ಡಮ್ಮನ ಕಾಲಲ್ಲಿ ಈಗ ಕಲೆ ಮಾತ್ರ ಇದೆ. ಪುಟ್ಟ ಪುಟ್ಟ ತೂತು ಬಿದ್ದಂತೆ ಕಾಣೋ ಕಲೆ. ವೈದ್ಯಕೀಯದಲ್ಲಿ ಅದನ್ನು ಜರಡಿಯಂಥ ಕಲೆ ಅಂತ ಬರೀತಾರಂತೆ, ಈ ರೋಗದ ಗುರುತುಗಳಲ್ಲಿ ಅದೂ ಒಂದು. ಕರುಳಿನ ಮಾತ್ರೆ ನಡೀತಿದೆ. ಹೋದ ತಿಂಗಳು ರಕ್ತ ತೆಗೆಯೋಕೆ ಬಂದ ಲ್ಯಾಬ್ ಹುಡುಗನಿಗೆ ನರ ಸಿಗದೆ ಎರಡನೇ ಸಲ ಸೂಜಿ ಎತ್ತಿದ. ದೊಡ್ಡಮ್ಮ ಕೈ ಹಿಂದಕ್ಕೆ ಎಳ್ಕೊಂಡು, "ನೋಡ್ಕಂಡು ಒಂದೇ ಸಲ ಚುಚ್ಚಪ್ಪಾ, ನಂದು ಚುಚ್ಚಿದ್ ಕಡೆ ಹುಣ್ಣಾಗೋ ಮೈ" ಅಂದರು. ಅವನಿಗೆ ಅರ್ಥ ಆಗಲಿಲ್ಲ. ಫೈಲಿನ ಮೊದಲ ಪುಟದಲ್ಲಿ ಡಾಕ್ಟರಮ್ಮ ಕೆಂಪು ಪೆನ್ನಲ್ಲಿ ಬರೆದಿದ್ದನ್ನು ತೋರಿಸಿದ್ವಿ.