ಕಾರಣ ಒಂದೇ ಎನ್ನುವ ಮೊದಲು

2023ರ ಜುಲೈ 11ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಪ್ರೀಮಿಯರ್ 1ಎ ಎಂಬ ಪುಟ್ಟ ಜೆಟ್ ದೇವನಹಳ್ಳಿಯತ್ತ ಹೊರಟಿತು. ಒಳಗಿದ್ದವರು ಇಬ್ಬರು ಪೈಲಟ್‌ಗಳು ಮಾತ್ರ. ಮೇಲೇರಿದ ಬಳಿಕ ಮೂತಿಯ ಗಾಲಿ ಸರಿಯಾಗಿ ಒಳಸೇರಲಿಲ್ಲ. ವಿಮಾನ ಹಿಂದಿರುಗಿತು; ಮುಂದಿನ ಗಾಲಿ ಹೊರಬಾರದೆ ಮೂತಿ ನೆಲಕ್ಕೆ ತಾಗಿ ರನ್‌ವೇ ಮೇಲೆಯೇ ನಿಂತಿತು. ಇಬ್ಬರೂ ಪಾರಾದರು.

ಅದೇ ನಿಲ್ದಾಣದ ಇನ್ನೊಂದು ಇಳಿಯುವಿಕೆ ಹಾಗೆ ಮುಗಿಯಲಿಲ್ಲ. 1990ರ ಫೆಬ್ರವರಿ 14ರ ಮಧ್ಯಾಹ್ನ ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿದು, ಪುಟಿದು, ಮುಂದಿನ ಏರಿಗೆ ಅಪ್ಪಳಿಸಿ ಹೊತ್ತಿಕೊಂಡಿತು. 146 ಜನರಲ್ಲಿ 92 ಮಂದಿ ತೀರಿಕೊಂಡರು.

ಅದು ಏರ್‌ಬಸ್ ಎ320. ಕಂಪ್ಯೂಟರಿನ ಮೂಲಕವೇ ನಡೆಯುವ, ಆಗಷ್ಟೇ ದೇಶಕ್ಕೆ ಬಂದಿದ್ದ ಹೊಸ ಮಾದರಿ. ಸರ್ಕಾರ ಉಳಿದ ಎ320ಗಳನ್ನೆಲ್ಲ ನೆಲಕ್ಕಿಳಿಸಿತು. ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ಎಂಜಿನ್‌ಗಳು ಕನಿಷ್ಠ ಶಕ್ತಿಯಲ್ಲಿರುವ ಇಳಿಕೆಯ ವಿಧಾನಕ್ಕೆ ವಿಮಾನ ಹೋಗಿತ್ತು, ವೇಗ ಕುಸಿಯುತ್ತಿತ್ತು. ನಾನೂರು, ಮುನ್ನೂರು, ಇನ್ನೂರು ಅಡಿ ಎಂದು ಯಂತ್ರ ಎತ್ತರ ಕೂಗುತ್ತಿದ್ದರೂ ಪೈಲಟ್‌ಗಳು ತಕ್ಷಣ ಶಕ್ತಿ ಹೆಚ್ಚಿಸಲಿಲ್ಲ ಎಂಬುದೇ ಕಾರಣವೆಂದು ವರದಿ ಹೇಳಿತು.

ತಪ್ಪು ಅವರದು, ಸರಿ. ಆದರೆ ಕೇಳಬೇಕಾದ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆಯೇ? ಇಳಿಯುವ ವೇಗವನ್ನು ಹೊಂದಿಸಬೇಕಾದಲ್ಲಿ ಬಹುಶಃ ಎತ್ತರದ ಗುಂಡಿಯನ್ನು ತಿರುಗಿಸಿ 700 ಅಡಿ ಎಂದು ಕೊಟ್ಟರು ಎಂಬ ವಿವರಣೆಯಿದೆ. ಹಾಗಾದರೆ ಎರಡು ಗುಂಡಿಗಳು ಕೈಗೆ ಅದಲುಬದಲಾಗುವಂತೆ ಇದ್ದದ್ದೇಕೆ? ಒಬ್ಬ ಪೈಲಟ್ ಇನ್ನೊಬ್ಬರ ಪರೀಕ್ಷೆಗೆ ಒಳಪಟ್ಟಿದ್ದ ಹಾರಾಟ ಅದು. ವೇಗದ ಮೇಲೆ ಕಣ್ಣಿಡಬೇಕಾದವರು ಯಾರು ಎಂಬುದು ಇಬ್ಬರಿಗೂ ಸ್ಪಷ್ಟವಿತ್ತೇ? ಕನಿಷ್ಠ ಶಕ್ತಿಯಲ್ಲಿರುವ ಎಂಜಿನ್ ಪೂರ್ಣ ಶಕ್ತಿಗೆ ಬರಲು ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳು ಅವರ ಬಳಿ ಇರಲಿಲ್ಲ.

ಹಂಪಿಯಲ್ಲಿ ಇತಿಹಾಸ ಓದುವ ನಮಗೆ ಈ ಪ್ರಶ್ನೆ ಹೊಸದಲ್ಲ. ಪಾಳುಬಿದ್ದ ಬಜಾರಿನಲ್ಲಿ ನಿಂತ ಪ್ರವಾಸಿಗರು 1565ರ ಸೋಲಿಗೆ ಒಂದೇ ಕಾರಣ ಕೇಳುತ್ತಾರೆ. ಅಳಿಯ ರಾಮರಾಯನ ಅಹಂಕಾರ ಎಂದರೆ ಸಮಾಧಾನ. ಸತ್ತವನು ಎದುರುತ್ತರ ಕೊಡುವುದಿಲ್ಲ, ಉಳಿದವರೆಲ್ಲ ನಿರಪರಾಧಿಗಳಾಗಿಬಿಡುತ್ತಾರೆ. ಸುಲ್ತಾನರು ಒಂದಾದದ್ದು, ದಶಕಗಳ ರಾಜಕಾರಣ ಎಲ್ಲವೂ ಹಿಂದಕ್ಕೆ ಸರಿಯುತ್ತವೆ.

ವಿಮಾನ ತನಿಖೆಯ ಅಂತರರಾಷ್ಟ್ರೀಯ ನಿಯಮ ಈ ಸಮಾಧಾನವನ್ನು ಒಪ್ಪುವುದಿಲ್ಲ. ತನಿಖೆಯ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದೇ ಹೊರತು ತಪ್ಪಿತಸ್ಥರನ್ನು ಗೊತ್ತುಮಾಡುವುದಲ್ಲ ಎನ್ನುತ್ತದೆ ಅದು. ಇತಿಹಾಸಕಾರರು ಎರವಲು ಪಡೆಯಬೇಕಾದ ಮಾತು. ಯಾರನ್ನೂ ಬಲಿ ಪಡೆಯದ ಪುಟ್ಟ ಜೆಟ್ಟಿನ ಗಾಲಿಯನ್ನೂ ಅಷ್ಟೇ ಶ್ರದ್ಧೆಯಿಂದ ಪರೀಕ್ಷಿಸಬೇಕಾದದ್ದು ಇದೇ ಕಾರಣಕ್ಕೆ.

ಸಂಡೂರು ತಾಲ್ಲೂಕಿನ ತೋರಣಗಲ್ಲಿಗೆ ಈಗ ವಿಮಾನ ಬರುತ್ತದೆ. ಹೊಸಪೇಟೆ, ಕಂಪ್ಲಿಯವರೂ ಅದನ್ನೇರುತ್ತಾರೆ. ಅವರು ಸುರಕ್ಷಿತವಾಗಿ ಇಳಿಯುವುದರ ಹಿಂದೆ, 'ಯಾರು?' ಎಂದು ಕೇಳಿ ಸುಮ್ಮನಾಗದೆ 'ಹೇಗೆ?' ಎಂದೂ ಕೇಳಿದವರ ದುಡಿಮೆಯಿದೆ.