ಸೊಟ್ಟಗೆ ಈಜಿದ ಮರದ ಮೀನು



ಇತಿಹಾಸವೆಂದರೆ ಅರಸರ ವಂಶಾವಳಿ ಮತ್ತು ಯುದ್ಧಗಳ ಇಸವಿ ಎಂಬ ಭಾವನೆಯನ್ನು ನಿಮ್ಮ ಮನಸ್ಸಿನಲ್ಲಿ ಬೇರೂರಿಸಿದವರಲ್ಲಿ ನಾನೂ ಒಬ್ಬ. ನಿವೃತ್ತನಾದ ಮೇಲೆ ಆ ತಪ್ಪನ್ನು ಸ್ವಲ್ಪ ಸ್ವಲ್ಪವಾಗಿ ತಿದ್ದಿಕೊಳ್ಳುತ್ತಿದ್ದೇನೆ. ಇಂದು ನಾನು ಬರೆಯಹೊರಟಿರುವುದು ಬೆರಳುದ್ದದ ಒಂದು ಮರದ ಮೀನಿನ ಇತಿಹಾಸ. ಅದಕ್ಕೆ ಕಾರಣವೊಂದಿದೆ.

ತುಂಗಭದ್ರೆಯ ದಡದ ಒಂದು ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲ. ಮೀನು ಹಿಡಿಯುವವರ ಮನೆಯ ಹುಡುಗನೊಬ್ಬ ಹಿಂದಿನ ಬೆಂಚಿನಲ್ಲಿ ಕುಳಿತು, ಮೊಘಲರ ಪಾಠ ನಡೆಯುತ್ತಿದ್ದಾಗ, ಬೂರುಗದ ಮರದ ತುಂಡೊಂದನ್ನು ಬ್ಲೇಡಿನಿಂದ ಕೆತ್ತುತ್ತಿದ್ದ. ಕಸಿದುಕೊಂಡು ನೋಡಿದರೆ ಅದೊಂದು ಮೀನು. ಮೈಗೆ ಸಿಗರೇಟು ಪೊಟ್ಟಣದ ಬೇಗಡೆ ಸುತ್ತಿದ್ದ, ಕಾಡಿಗೆಯಿಂದ ಕಣ್ಣು ಬರೆದಿದ್ದ. ಅದರ ಮೂತಿ ಒಂದು ಕಡೆಗೆ ವಾಲಿತ್ತು. "ಮೀನನ್ನಾದರೂ ನೆಟ್ಟಗೆ ಮಾಡಲು ಬರುವುದಿಲ್ಲವೇನೋ?" ಎಂದು ನಾನು ಹಂಗಿಸಿದಾಗ ತರಗತಿಯೆಲ್ಲ ನಕ್ಕಿತು. ಅವನು ತಲೆ ತಗ್ಗಿಸಿಯೇ, "ಸೊಟ್ಟಗೆ ಹೋದ್ರೇನೇ ಮೀನು ಕಚ್ಚೋದು ಸಾರ್" ಎಂದ. ಎದುರುತ್ತರವೆಂದು ಭಾವಿಸಿ ಎರಡು ಏಟು ಕೊಟ್ಟೆ. ಮರದ ಮೀನು ನನ್ನ ಮೇಜಿನ ಖಾನೆ ಸೇರಿತು.

ಆ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಫಿನ್ಲೆಂಡ್ ದೇಶದ ಲೌರಿ ರಾಪಾಲಾ ಎಂಬಾತನ ಜೀವನವೃತ್ತಾಂತವನ್ನು ಓದಿದಾಗ.

ಗಾಳಕ್ಕೆ ಎರೆಹುಳುವನ್ನೋ ಸಣ್ಣ ಮೀನನ್ನೋ ಚುಚ್ಚುವುದು ಎಲ್ಲರೂ ಬಲ್ಲ ರೀತಿ. ಅದರ ಬದಲು ಮರ, ಲೋಹ, ಗರಿಗಳಿಂದ ಮಾಡಿದ ಹುಸಿ ಎರೆಯನ್ನು ಕಟ್ಟುವುದೂ ಹಳೆಯ ವಿದ್ಯೆಯೇ. ಇಂಗ್ಲಿಷ್ ಬಲ್ಲವರು ಅದನ್ನು 'ಲ್ಯೂರ್' ಎನ್ನುತ್ತಾರೆ. ಅಮೆರಿಕದ ಮಿಷಿಗನ್ ಪ್ರಾಂತದ ಡೊವಾಜಿಯಾಕ್ ಎಂಬ ಊರಿನಲ್ಲಿ ಜೇಮ್ಸ್ ಹೆಡನ್ ಎಂಬ ಜೇನುಸಾಕಣೆಗಾರನಿದ್ದ. ಕೆರೆಯ ದಡದಲ್ಲಿ ಕುಳಿತು ಹೊತ್ತು ಕಳೆಯಲು ಮರದ ತುಂಡೊಂದನ್ನು ಕೆತ್ತಿ ನೀರಿಗೆ ಎಸೆದಾಗ ಮೀನೊಂದು ಮೇಲೆದ್ದು ಅದನ್ನು ಹೊಡೆಯಿತಂತೆ. ಇದು ಅಲ್ಲಿನವರು ಹೇಳುವ ಕಥೆ. ಕಥೆ ಹೇಗೇ ಇರಲಿ, ಅವನು ಮರದ ಕಪ್ಪೆಗಳನ್ನು ಕೆತ್ತಿದ್ದು ನಿಜ, 1902ರಲ್ಲಿ ತನ್ನ ಮರದ ಎರೆಗೆ ಪೇಟೆಂಟ್ ಪಡೆದದ್ದೂ ನಿಜ. ಮನೆಯಲ್ಲಿ ಆರಂಭವಾದ ಆ ಕೆಲಸ ಮುಂದೆ ಹೆಸರಾಂತ ಕಾರ್ಖಾನೆಯಾಯಿತು.

ರಾಪಾಲಾನ ಕಥೆ ಇದಕ್ಕಿಂತ ಬಡತನದ್ದು. 1905ರಲ್ಲಿ ಸೂಸ್ಮ ಎಂಬಲ್ಲಿ ಹುಟ್ಟಿದ. ತಾಯಿಯ ಮನೆತನದ ಹೆಸರು ಸಾರಿನೆನ್. ತಾಯಿ ಮಗ ಬೇರೊಂದು ಊರಿಗೆ ಬಂದಾಗ, ದಾಖಲೆ ಬರೆಯುತ್ತಿದ್ದ ಪಾದ್ರಿಗೆ ಆ ಹೆಸರು ನೆನಪಾಗದೆ, ಅವರು ಬಿಟ್ಟುಬಂದ ಹಳ್ಳಿಯ ಹೆಸರಾದ ರಾಪಾಲಾ ಎಂಬುದನ್ನೇ ಬರೆದುಬಿಟ್ಟನಂತೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಕ್ಕಳ ಹೆಸರು, ಜನ್ಮದಿನಗಳನ್ನು ನಮಗೆ ತೋಚಿದಂತೆ ಬರೆದ ನಮ್ಮಂತಹ ಮೇಷ್ಟರುಗಳಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ!

ಬೆಳೆದ ಮೇಲೆ ಲೌರಿ ಕಾಡಿನಲ್ಲಿ ಮರ ಕಡಿಯುತ್ತಿದ್ದ, ಪೈಯನ್ನೆ ಎಂಬ ದೊಡ್ಡ ಸರೋವರದಲ್ಲಿ ಮೀನು ಹಿಡಿಯುತ್ತಿದ್ದ. ನೂರಾರು ಕೊಕ್ಕೆಗಳಿಗೆ ಪ್ರತಿದಿನವೂ ಜೀವಂತ ಎರೆ ಚುಚ್ಚುವುದು ಹೊತ್ತು ತಿನ್ನುವ ಕೆಲಸ. ದೋಣಿಯಲ್ಲಿ ಕುಳಿತು ನೀರನ್ನು ನೋಡುತ್ತ ನೋಡುತ್ತ ಅವನಿಗೊಂದು ಸಂಗತಿ ಗೋಚರಿಸಿತು. ಸಣ್ಣ ಮೀನುಗಳ ಹಿಂಡಿನ ಮೇಲೆ ದೊಡ್ಡ ಮೀನು ಎರಗುವಾಗ ಸಿಕ್ಕಿದ್ದನ್ನು ಹಿಡಿಯುವುದಿಲ್ಲ. ಗಾಯಗೊಂಡು, ಬಳಲಿ, ಹಿಂಡಿನ ಲಯ ತಪ್ಪಿ ತೊನೆಯುತ್ತ ಈಜುವ ಒಂದನ್ನೇ ಆರಿಸಿ ಹಿಡಿಯುತ್ತದೆ. ಹಾಗಾದರೆ ಮಾಡಬೇಕಾದದ್ದು ಅಂದವಾದ ಮೀನಿನ ಪ್ರತಿಮೆಯನ್ನಲ್ಲ, ಸಂಕಟದಲ್ಲಿರುವ ಮೀನಿನ ನಡಿಗೆಯನ್ನು!

1936ರಲ್ಲಿ ಅವನು ತನ್ನ ಮೊದಲ ಎರೆಯನ್ನು ತಯಾರಿಸಿದ. ಆಯುಧವೆಂದರೆ ಚಮ್ಮಾರರ ರಂಪಿಗೆ, ಸಾಮಗ್ರಿ ಬೆಂಡು. ಮೈ ಹೊಳೆಯಲೆಂದು ಚಾಕೊಲೇಟಿನ ಮೇಲಿನ ಬೇಗಡೆ ಸುತ್ತಿದ. ಮೇಲಿನ ಲೇಪಕ್ಕೆ ವಾರ್ನಿಷ್ ಕೊಳ್ಳಲು ಹಣವಿರಲಿಲ್ಲ. ಹಳೆಯ ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಹಚ್ಚಿದ. ಮುಂದೆ ಪೈನ್ ಮರದ ತೊಗಟೆಯನ್ನೂ, ಆಮೇಲೆ ಹಗುರವಾದ ಬಾಲ್ಸಾ ಮರವನ್ನೂ ಬಳಸಿದ. ಹೆಂಡತಿ ಎಲ್ಮಾ ಮತ್ತು ಮಕ್ಕಳು ಕೈಜೋಡಿಸಿದರು.

ಮನೆಯಲ್ಲಿ ಕುಳಿತು ಇಂತಹ ಮೀನು ಮಾಡುವವರು ಇಂದಿಗೂ ಹೆಚ್ಚುಕಡಿಮೆ ಇದೇ ಕ್ರಮವನ್ನು ಅನುಸರಿಸುತ್ತಾರೆ. ಹಗುರ ಮರವನ್ನು ಕೆತ್ತಿ ಉಪ್ಪುಕಾಗದದಿಂದ ಉಜ್ಜುವುದು, ಹೊಟ್ಟೆಯನ್ನು ಉದ್ದಕ್ಕೆ ಸೀಳಿ ಮೂತಿಯಿಂದ ಬಾಲದವರೆಗೆ ಒಂದೇ ತಂತಿ ಕೂರಿಸುವುದು. ಸಿಕ್ಕಿದ ಮೀನು ಜಗ್ಗುವ ಬಲವೆಲ್ಲ ತಂತಿಯ ಮೇಲೆ ಬೀಳುವುದರಿಂದ ಮರ ಒಡೆದರೂ ಮೀನು ತಪ್ಪುವುದಿಲ್ಲ. ಹೊಟ್ಟೆಯಲ್ಲಿ ಚೂರು ಸೀಸವಿಟ್ಟರೆ ಮೀನು ಮಗುಚುವುದಿಲ್ಲ. ಗದ್ದದ ಕೆಳಗೆ ತುಟಿಯಂತಹ ಸಣ್ಣ ಪಟ್ಟಿಯೊಂದನ್ನು ಓರೆಯಾಗಿ ನೆಡುತ್ತಾರೆ. ದಾರವನ್ನು ಎಳೆದಾಗ ನೀರು ಆ ಪಟ್ಟಿಗೆ ಬಡಿದು ಮೀನು ಮುಳುಗುತ್ತದೆ, ಅತ್ತಿತ್ತ ತೊನೆಯುತ್ತದೆ. ಅದರ ಪ್ರಾಣವಿರುವುದೇ ಆ ತುಟಿಯಲ್ಲಿ.

ಬಣ್ಣ ಹಚ್ಚುವುದರಲ್ಲಿಯೂ ವಿವೇಕವಿದೆ. ಮೊದಲು ಮರಕ್ಕೆ ನೀರು ಇಳಿಯದಂತೆ ಲೇಪ, ಅದರ ಮೇಲೆ ಬಿಳಿ. ಬೆನ್ನು ಕಪ್ಪಾಗಿ, ಹೊಟ್ಟೆ ಬೆಳ್ಳಗಿರಬೇಕು. ಏಕೆಂದರೆ ನಿಜವಾದ ಮೀನೂ ಹಾಗೆಯೇ ಇರುತ್ತದೆ. ಮೇಲಿನಿಂದ ನೋಡಿದರೆ ಅದರ ಬೆನ್ನು ಕತ್ತಲ ನೀರಿನೊಡನೆಯೂ, ಕೆಳಗಿನಿಂದ ನೋಡಿದರೆ ಹೊಟ್ಟೆ ಬೆಳಗುವ ಆಕಾಶದೊಡನೆಯೂ ಬೆರೆತುಹೋಗುತ್ತದೆ. ಕೆಂಪು ಬಣ್ಣ ನಮ್ಮ ಕಣ್ಣಿಗೆ ಎಷ್ಟೇ ಢಾಳಾಗಿದ್ದರೂ, ನೀರು ಕೆಂಪು ಬೆಳಕನ್ನೇ ಮೊದಲು ಹೀರಿಕೊಳ್ಳುವುದರಿಂದ, ಆಳದಲ್ಲಿ ಕಪ್ಪಾಗಿಯೇ ಕಾಣುತ್ತದೆ. ಹುರುಪೆ ಮೂಡಿಸುವ ಉಪಾಯ ನನಗೆ ಬಹಳ ಹಿಡಿಸಿತು. ಮೈಮೇಲೆ ತೆಳುವಾದ ಬಲೆಬಟ್ಟೆಯನ್ನು ಬಿಗಿದು ಅದರ ಮೇಲೆ ಬಣ್ಣವನ್ನು ಸಿಂಪಡಿಸುತ್ತಾರೆ. ಬಟ್ಟೆ ತೆಗೆದರೆ ಸಾಲುಸಾಲು ಹುರುಪೆ! ಮೀನಿನ ವೈರಿಯಾದ ಬಲೆಯೇ ಇಲ್ಲಿ ಮೀನಿಗೆ ಮೈಕೊಡುತ್ತದೆ.

ಆದರೆ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಪರೀಕ್ಷೆ ನೀರಿನಲ್ಲಿಯೇ ಆಗಬೇಕು. ರಾಪಾಲಾ ಪ್ರತಿಯೊಂದು ಮೀನನ್ನೂ ನೀರಿನಲ್ಲಿ ಎಳೆದು ನೋಡಿ, ಮೂತಿಯ ತಂತಿಯನ್ನು ಕೂದಲೆಳೆಯಷ್ಟು ಬಾಗಿಸಿ, ತೊನೆದಾಟ ಸರಿಯಾದ ಮೇಲೆಯೇ ಮಾರುತ್ತಿದ್ದ. ಕೈಕೆಲಸ ಕಾರ್ಖಾನೆಯಾದ ನಂತರವೂ ಈ ಪರೀಕ್ಷೆ ಮುಂದುವರಿಯಿತು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಬಂದವರ ಮೂಲಕ ಈ ಮೀನು ಹೊರದೇಶ ಕಂಡಿತೆಂದು ಹೇಳುತ್ತಾರೆ. 1959ರ ಸುಮಾರಿಗೆ ಅಮೆರಿಕದ ಮಿನಿಯಾಪೊಲಿಸ್‌ನ ರಾನ್ ವೆಬರ್ ಮತ್ತು ರೇ ಆಸ್ಟ್ರಮ್ ಎಂಬಿಬ್ಬರು ಅದನ್ನು ತರಿಸಿ ಮಾರತೊಡಗಿದರು. 1962ರ ಆಗಸ್ಟ್‌ನಲ್ಲಿ 'ಲೈಫ್' ಪತ್ರಿಕೆ ಇದರ ಬಗ್ಗೆ ಲೇಖನವೊಂದನ್ನು ಪ್ರಕಟಿಸಿತು. ಆ ಸಂಚಿಕೆಯ ಮುಖಪುಟದಲ್ಲಿದ್ದದ್ದು ಅದೇ ತಿಂಗಳು ತೀರಿಕೊಂಡ ಚಿತ್ರತಾರೆ ಮರಿಲಿನ್ ಮನ್ರೋ. ನಟಿಯ ಸುದ್ದಿಗಾಗಿ ಪತ್ರಿಕೆ ಕೊಂಡ ಅಸಂಖ್ಯಾತ ಜನ ಮರದ ಮೀನಿನ ಕಥೆಯನ್ನೂ ಓದಿದರು. ಬೇಡಿಕೆ ಲಕ್ಷಗಳನ್ನು ದಾಟಿತು. 1974ರಲ್ಲಿ ಲೌರಿ ತೀರಿಕೊಳ್ಳುವಾಗ, ಪಾದ್ರಿಯ ಮರೆವಿನಿಂದ ಬಂದ ಆ ಹೆಸರು ಜಗತ್ತಿನಾದ್ಯಂತ ಪರಿಚಿತವಾಗಿತ್ತು.

ಇದನ್ನೆಲ್ಲ ಓದಿ ಮುಗಿಸಿದಾಗ ನನ್ನ ಕಿವಿಯಲ್ಲಿ ಮೊಳಗಿದ್ದು ಹಿಂದಿನ ಬೆಂಚಿನ ಮಾತು. ಚಾಕೊಲೇಟಿನ ಬೇಗಡೆಗೆ ಬದಲು ಸಿಗರೇಟಿನ ಬೇಗಡೆ, ಬೆಂಡಿಗೆ ಬದಲು ಬೂರುಗ. ಪುಸ್ತಕ ಓದಿ ಕಲಿತದ್ದಲ್ಲ. ಲೌರಿಯಂತೆಯೇ ನೀರನ್ನು ದಿಟ್ಟಿಸಿ ಕಲಿತದ್ದು. ಅವನು ಎದುರುತ್ತರ ಕೊಡಲಿಲ್ಲ, ಉತ್ತರ ಕೊಟ್ಟಿದ್ದ. ಕೇಳುವ ಕಿವಿ ನನಗಿರಲಿಲ್ಲ. ಆ ವರ್ಷದ ಕೊನೆಗೆ ಹುಡುಗ ಶಾಲೆ ಬಿಟ್ಟ. ಮನೆಯ ಬಡತನವೇ ಕಾರಣವೆಂದು ಹಾಜರಿ ಪುಸ್ತಕದ ಅಂಚಿನಲ್ಲಿ ಬರೆದವನು ನಾನೇ. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೆಂದು ಹೇಳುವ ಧೈರ್ಯ ಈಗ ನನಗಿಲ್ಲ. ಹಿಂಡಿನ ಲಯ ತಪ್ಪಿದ ಮೀನನ್ನೇ ದೊಡ್ಡ ಮೀನು ಆರಿಸುತ್ತದೆ ಎಂಬ ಮಾತನ್ನು ಬರೆಯುವಾಗ ಕೈ ಒಂದು ಕ್ಷಣ ತಡೆಯಿತು.

ಅವನು ಕೆತ್ತಿದ ಮೀನು ಇಂದಿಗೂ ನನ್ನ ಬಳಿಯಿದೆ. ಬೇಗಡೆ ಕಪ್ಪಾಗಿದೆ, ಒಂದು ಕಣ್ಣು ಅಳಿಸಿದೆ. ಕಳೆದ ವಾರ ಬಕೆಟ್ಟಿನಲ್ಲಿ ನೀರು ತುಂಬಿ, ದಾರ ಕಟ್ಟಿ ಮೆಲ್ಲಗೆ ಎಳೆದೆ. ಅವನು ಹೇಳಿದಂತೆಯೇ ಸೊಟ್ಟಗೆ, ನೊಂದ ಮೀನಿನಂತೆ ತೊನೆಯುತ್ತ ಹೋಯಿತು.

ಆ ತರಗತಿಯಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಹುಡುಗ ಯಾರೆಂದು ನಿಮಗೆ ಹೊಳೆದಿರಬಹುದು. ಅವನೆಲ್ಲಿದ್ದಾನೆಂದು ಗೊತ್ತಿದ್ದರೆ ದಯಮಾಡಿ ನನಗೊಂದು ಮಾತು ತಿಳಿಸಿ. ಅವನ ವಸ್ತುವನ್ನು ಅವನಿಗೆ ಹಿಂದಿರುಗಿಸಬೇಕಾಗಿದೆ.

ಇಂತಿ,
ನಿಮ್ಮ ಮೇಷ್ಟರು