ಜಿಕೋವ್ ಹೋಗಿ ಮಿಕ್‌ಕಾರ್ಬ್ ಬಂದ ಕಥೆ

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಬೈಕುಗಳು ಹೊರಬರತೊಡಗಿದಾಗ ಅವುಗಳ ಹೊಟ್ಟೆಯಲ್ಲಿದ್ದುದು ಚೆಕೊಸ್ಲೊವಾಕಿಯಾದ ಕಸುಬು. 250 ಸಿಸಿಯ ಒಂದೇ ಸಿಲಿಂಡರ್, ಅದಕ್ಕೆ ಎರಡು ಸೈಲೆನ್ಸರ್, ಕಿಕ್ಕರ್ ಆಗಿಯೂ ಗೇರ್ ಆಗಿಯೂ ದುಡಿಯುವ ಒಂದೇ ಲಿವರ್. ಪೆಟ್ರೋಲು ಮತ್ತು ಗಾಳಿಯನ್ನು ಬೆರೆಸಿ ಕೊಡುತ್ತಿದ್ದುದು ಜಿಕೋವ್ ಎಂಬ ಚೆಕ್ ಕಾರ್ಬ್ಯುರೇಟರ್. 1973ರ ಹೊತ್ತಿಗೆ ಜಾವಾ ಹೆಸರು ಹೋಗಿ ಯೆಜ್ಡಿ ಬಂತು, ಜಿಕೋವ್ ಉಳಿಯಿತು.

ಅದರ ಮೈಮೇಲೊಂದು ಸಣ್ಣ ಗುಂಡಿ. ಚಳಿಯ ಬೆಳಗ್ಗೆ ಅದನ್ನು ಒತ್ತಿ ಹಿಡಿದು, ಪೆಟ್ರೋಲು ಉಕ್ಕಿ ಬೆರಳು ಒದ್ದೆಯಾದ ಮೇಲೆ ಕಿಕ್ ಹೊಡೆಯಬೇಕು. ಯೆಜ್ಡಿ ಇದ್ದ ಮನೆಗಳಲ್ಲಿ ಬೆಳೆದವರಿಗೆ ಆ ವಾಸನೆ ಈಗಲೂ ನೆನಪಿರುತ್ತದೆ. ಆದರೆ ಎಕ್ಸಲರೇಟರ್ ತಿರುಗಿಸಿದಂತೆಲ್ಲ ಮೇಲೆ ಕೆಳಗೆ ಓಡಾಡುವ ಒಳಗಿನ ಸ್ಲೈಡ್ ವರ್ಷಗಳಲ್ಲಿ ಸವೆಯುತ್ತದೆ. ಸವೆದ ಸಂದಿಯಲ್ಲಿ ಬೇಡದ ಗಾಳಿ ನುಗ್ಗುತ್ತದೆ. ಐಡ್ಲಿಂಗ್ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಎಷ್ಟು ಸ್ಕ್ರೂ ತಿರುಗಿಸಿದರೂ ಅಷ್ಟೇ.

ಜಪಾನಿನ ಮಿಕುನಿ ಕಾರ್ಬ್ಯುರೇಟರುಗಳು ಮದ್ರಾಸಿನ ಯುಕಾಲ್ ಮೂಲಕ ಇಲ್ಲಿಯೇ ತಯಾರಾಗಿ, ಮಿಕ್‌ಕಾರ್ಬ್ ಎಂಬ ಹೆಸರಿನಲ್ಲಿ ಗ್ಯಾರೇಜುಗಳಿಗೆ ಬಂದಾಗ ಯೆಜ್ಡಿ ಮಿಸ್ತ್ರಿಗಳ ಕಣ್ಣು ಸಹಜವಾಗಿಯೇ ಅತ್ತ ಹೊರಳಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿದ ಮೇಲಂತೂ ಇದು ಬರೀ ಶೋಕಿಯ ಮಾತಾಗಿ ಉಳಿಯಲಿಲ್ಲ. ಅಸಲಿ ಬಿಡಿಭಾಗ ಸಿಗದವನಿಗೆ ಬೈಕು ಓಡಬೇಕೆಂದರೆ ಇನ್ನೇನು ದಾರಿ?

ಬದಲಾಯಿಸುವುದು ಬೋಲ್ಟು ಬಿಚ್ಚಿ ಬೋಲ್ಟು ಹಾಕಿದಷ್ಟು ಸುಲಭವಲ್ಲ. ಹೊಸದು ಕೂರಲು ನಡುವೆ ಒಂದು ಅಡಾಪ್ಟರ್ ಬೇಕು. ಅಲ್ಲಿ ಗಾಳಿ ಸೋರಿದರೆ ಹಳೆಯ ರೋಗವೇ ವಾಪಸು. ಆಮೇಲೆ ಜೆಟ್ಟಿಂಗ್. ಸಣ್ಣ ತಿರುವಿಗೆ ಪೈಲಟ್ ಜೆಟ್, ನಡುವಿನ ಓಟಕ್ಕೆ ಸೂಜಿ, ಪೂರ್ತಿ ತಿರುವಿದಾಗ ಮೇನ್ ಜೆಟ್. ಸೂಜಿಯ ಕ್ಲಿಪ್ ಒಂದು ಗಾಡಿ ಕೆಳಗಿಳಿಸಿದರೆ ಸೂಜಿ ಮೇಲೇರಿ ಪೆಟ್ರೋಲು ಹೆಚ್ಚು ಹರಿಯುತ್ತದೆ.

ಇನ್ನು ಕೆಲವರದು ದೊಡ್ಡ ಬಾಯಿಯ ಕಾರ್ಬ್ಯುರೇಟರಿನ ಹುಚ್ಚು. ಬಾಯಿ ದೊಡ್ಡದಾದಷ್ಟೂ ಬಲ ಹೆಚ್ಚು ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಎಂಜಿನ್ ಜೋರಾಗಿ ತಿರುಗುವಾಗ ಹೆಚ್ಚು ಗಾಳಿ ಸಿಗುತ್ತದೆ, ಸರಿ. ಆದರೆ ನಿಧಾನಕ್ಕೆ ತಿರುಗುವಾಗ ಅಗಲವಾದ ಕೊಳವೆಯಲ್ಲಿ ಗಾಳಿಯ ವೇಗ ಕುಸಿದು, ಪೆಟ್ರೋಲನ್ನು ಮೇಲೆಳೆಯುವ ಸೆಳೆತವೇ ಸಾಲದು. ಊರೊಳಗಿನ ಟ್ರಾಫಿಕ್ಕಿನಲ್ಲಿ ಬೈಕು ಮುಗ್ಗರಿಸುತ್ತದೆ. ಸೈಲೆನ್ಸರ್, ಪೋರ್ಟುಗಳನ್ನು ಮುಟ್ಟದೆ ಕಾರ್ಬ್ಯುರೇಟರ್ ಒಂದನ್ನೇ ಹಿಗ್ಗಿಸುವುದು ದುಡ್ಡಿನ ಪೋಲು.

ನಮ್ಮ ರಸ್ತೆಗಳಲ್ಲಿ ಹೆಚ್ಚಿನವರು ಕೇಳಿದ್ದು ಬಲವನ್ನೂ ಅಲ್ಲ, ಮೈಲೇಜನ್ನು. ಅಪಾಯ ಇದ್ದುದೂ ಅಲ್ಲೇ. ಪೆಟ್ರೋಲು ಉಳಿಸಲೆಂದು ಮೇನ್ ಜೆಟ್ ಚಿಕ್ಕದು ಮಾಡಿದರೆ ನಾಲ್ಕು ಸ್ಟ್ರೋಕಿನ ಬುಲೆಟ್ ಕಾವೇರಿ ಗೊಣಗುತ್ತದೆ. ಆದರೆ ಎಂಜಿನ್ ಆಯಿಲ್ ಅದರ ಹೊಟ್ಟೆಯಲ್ಲಿ ಬೇರೆಯೇ ಇರುತ್ತದೆ. ಯೆಜ್ಡಿಯಲ್ಲಿ ಹಾಗಲ್ಲ. ಪಿಸ್ಟನ್ನಿಗೆ ಜಿಡ್ಡು ಸಿಗುವುದೇ ಪೆಟ್ರೋಲಿಗೆ ಬೆರೆಸಿದ ಆಯಿಲ್‌ನಿಂದ. ಪೆಟ್ರೋಲು ಕಡಿಮೆಯಾದರೆ ಜಿಡ್ಡೂ ಕಡಿಮೆ, ಜೊತೆಗೆ ಕಾವು ಹೆಚ್ಚು. ಹೆದ್ದಾರಿಯಲ್ಲಿ ಪೂರ್ತಿ ವೇಗದಲ್ಲಿರುವಾಗ ಪಿಸ್ಟನ್ ಕಚ್ಚಿಕೊಂಡು ಹಿಂಚಕ್ರ ನಿಂತುಬಿಟ್ಟರೆ, ಕ್ಲಚ್ ಹಿಡಿಯಲು ಸಿಗುವುದು ಒಂದು ಕ್ಷಣ. ಲೀಟರಿಗೆ ನಾಲ್ಕೈದು ಕಿಲೋಮೀಟರ್ ಹೆಚ್ಚಿಸಲು ಹೋದವರು ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದ್ದು ಇದೇ ಕಾರಣಕ್ಕೆ.

ಅದಕ್ಕೇ ಬಲ್ಲ ಮಿಸ್ತ್ರಿಗಳು ದಟ್ಟ ಮಿಶ್ರಣದಿಂದ ಶುರುಮಾಡಿ ಹಂತಹಂತವಾಗಿ ಕೆಳಗಿಳಿದರು, ತೆಳುವಿನಿಂದ ಮೇಲಕ್ಕೆ ಹತ್ತಲಿಲ್ಲ. ಪೂರ್ತಿ ತಿರುವಿನಲ್ಲಿ ಒಂದಷ್ಟು ದೂರ ಓಡಿಸಿ, ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ನೋಡುವುದು ಅವರ ಪರೀಕ್ಷೆ: ಕಾಫಿ ಬಣ್ಣವಿದ್ದರೆ ಸರಿ, ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಮತ್ತೆ ಹತ್ತಬಾರದು.

ಪ್ರತಿ ಜುಲೈಯಲ್ಲಿ ಬೆಂಗಳೂರಿನಲ್ಲಿ ಜಾವಾ-ಯೆಜ್ಡಿ ದಿನಕ್ಕೆ ಬೈಕುಗಳು ಸೇರಿದಾಗ ಎರಡೂ ಪಂಗಡದವರು ಸಿಗುತ್ತಾರೆ. ಅಸಲಿಯೇ ಬೇಕೆನ್ನುವವರಿಗೆ ಮಿಕ್‌ಕಾರ್ಬ್ ಎಂದರೆ ಅಪಚಾರ; ದಿನಾ ಆಫೀಸಿಗೆ ಓಡಿಸುವವರಿಗೆ ಅದೇ ಆಸರೆ. ಬದಲಾಯಿಸಿದವರಲ್ಲೂ ಬಿಚ್ಚಿದ ಜಿಕೋವನ್ನು ಗುಜರಿಗೆ ಹಾಕುವವರು ಈಗ ಕಡಿಮೆ. ಮುಂದೊಂದು ದಿನ ಬೈಕು ಮಾರಬೇಕಾಗಿ ಬಂದರೆ, ಕೊಳ್ಳುವವನು ಮೊದಲು ಕೇಳುವುದು ಅದನ್ನೇ.